ಬೆಳ್ಳಿಗೊನೆಯ ಮೇಷ್ಟ್ರು

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರ ಕೈಬೆರಳು ನೋಡಿದವರು ಅವರನ್ನು ಗ್ಯಾರೇಜಿನವರು ಅಂದುಕೊಳ್ಳುತ್ತಿದ್ದರು. ಬೆರಳ ತುದಿಗಳೆಲ್ಲ ಕಪ್ಪು. ನಿಂಬೆಹಣ್ಣು, ಸೀಗೆಪುಡಿ, ಪಾತ್ರೆ ತಿಕ್ಕುವ ನಾರು, ಯಾವುದಕ್ಕೂ ಜಗ್ಗದ ಕಪ್ಪು. ಬೆಳ್ಳಿಯ ಉಪ್ಪು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಹಾಗಾಗುತ್ತದಂತೆ. ಕೈಗವಸು ಹಾಕಿಕೊಳ್ಳಿ ಸಾರ್ ಅಂದರೆ, "ಹಾಕ್ಕೊಂಡ್ರೆ ಬಾಟ್ಲು ಜಾರತ್ತೆ ಕಣ್ರೀ" ಅನ್ನುತ್ತಿದ್ದರು. ಕೈಗವಸು ಇಲ್ಲದೆಯೂ ಅವರ ಕೈಯಿಂದ ಬಾಟಲಿಗಳು ಜಾರುತ್ತಲೇ ಇದ್ದವು, ಆ ಮಾತು ಬೇರೆ.

ಈ ಬೆರಳಿನಿಂದಾಗಿ ಒಂದು ಚುನಾವಣೆಯಲ್ಲಿ ಅವರ ವೋಟೇ ತಪ್ಪುವುದರಲ್ಲಿತ್ತು. ಮತಗಟ್ಟೆಯಲ್ಲಿ ಕೂತಿದ್ದವನು ಅವರ ಹಳೆಯ ಶಿಷ್ಯ. ಬೆರಳು ನೋಡಿ ಗಾಬರಿಯಾಗಿ ಎದ್ದು ನಿಂತ. "ಸಾ, ನೀವಾಗ್ಲೇ ಹಾಕಿದೀರಲ್ಲ ಸಾ?"

"ಎಲ್ಲಾ ಬೆರಳಿಗೂ ಐತಲ್ಲೋ, ಬೆರಳಿಗೊಂದ್ಸಲ ಹಾಕಿದೀನೇನ್ಲಾ?" ಅಂದರು ಮೇಷ್ಟ್ರು.

ಪಕ್ಷದ ಏಜೆಂಟರು ಎದ್ದರು, ಗಲಾಟೆ ಶುರುವಾಯಿತು. ಬೇರೆಯವರಾಗಿದ್ದರೆ ಸಿಟ್ಟು ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಇವರು ಅಲ್ಲೇ ನಿಂತು ಪಾಠ ಶುರು ಮಾಡಿದರು. ಆ ಶಾಯಿಯಲ್ಲಿ ಇರುವುದೂ ಬೆಳ್ಳಿಯೇ, ನನ್ನ ಬೆರಳಲ್ಲಿ ಇರುವುದೂ ಬೆಳ್ಳಿಯೇ, ಎರಡೂ ಒಂದೇ ಕಾರಣಕ್ಕೆ ಕಪ್ಪಾಗುತ್ತವೆ, ಆದರೆ ಸರ್ಕಾರದ ಶಾಯಿ ಗೆರೆ ಎಳೆದ ಹಾಗೆ ಕೂರುತ್ತದೆ, ನನ್ನದು ಚೆಲ್ಲಿದ ಹಾಗೆ, ನೋಡಿ ಅಂತ ಏಜೆಂಟರ ಮೂಗಿನ ಹತ್ತಿರ ಬೆರಳು ಹಿಡಿದರು. ಸಾಲು ರಸ್ತೆಯವರೆಗೆ ಬೆಳೆಯಿತು. ಕೊನೆಗೆ "ಹಾಕ್ಸಪ್ಪ ಬೇಗ, ಬಿಟ್ರೆ ಪರೀಕ್ಷೆನೂ ಮಾಡ್ತಾರೆ" ಅಂತ ಹಿಂದಿನಿಂದ ಯಾರೋ ಕೂಗಿದ ಮೇಲೆ ವೋಟು ಹಾಕಿಸಿ ಕಳಿಸಿದರಂತೆ. ಹೊಸ ಶಾಯಿ ಹಚ್ಚುವುದಕ್ಕೆ ಬೆಳ್ಳಗಿನ ಜಾಗ ಹುಡುಕಿದ್ದೇ ದೊಡ್ಡ ಕೆಲಸವಾಯಿತಂತೆ.

ನಾನು ಕನ್ನಡ ಪಾಠ ಮಾಡುವವಳು. ತುರುವೇಕೆರೆ ಕಡೆಯಿಂದ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಬಂದು ಹೋಗುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಅವರ ಮೇಜು ನನ್ನ ಮೇಜಿಗೆ ಅಂಟಿಕೊಂಡಿತ್ತು. ವಿಜ್ಞಾನಕ್ಕೂ ನನಗೂ ಇದ್ದ ನಂಟು ಅಷ್ಟೇ. ಒಂದು ದಿನ ಅವರೇ ಕೇಳಿದರು. "ಮೇಡಂ, ಕ್ಲಸ್ಟರ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ?"

"ಗುಚ್ಛ" ಅಂದೆ.

ಮುಖ ಹುಳ್ಳಗೆ ಮಾಡಿಕೊಂಡರು. "ಗುಚ್ಛ ಅಂದ್ರೆ ಸನ್ಮಾನದಲ್ಲಿ ಕೊಡ್ತಾರಲ್ಲ, ಅದು. ನಮ್ಮೋರಿಗೆ ಅರ್ಥ ಆಗೋದು ಕೊಡ್ರಿ."

ಕಿಟಕಿಯಾಚೆ ತೆಂಗಿನಮರ ಇತ್ತು. ನಮ್ಮ ಕಡೆ ಯಾವ ಕಿಟಕಿಯಾಚೆ ಇಲ್ಲ? "ಹಂಗಾದ್ರೆ ಗೊನೆ ಅನ್ನಿ" ಅಂದೆ, ತಮಾಷೆಗೆ. ಅವರಿಗೆ ಅದು ತಮಾಷೆಯಾಗಿ ಕೇಳಲೇ ಇಲ್ಲ. ಆವತ್ತಿನಿಂದ ಅವರು ಮಾಡುತ್ತಿದ್ದ ಸಂಶೋಧನೆ 'ಬೆಳ್ಳಿಗೊನೆ' ಆಯಿತು, ಅವರು ಬೆಳ್ಳಿಗೊನೆಯ ಮೇಷ್ಟ್ರಾದರು. ಒಂದು ಗೊನೆಗೆ ಹತ್ತೋ ಇಪ್ಪತ್ತೋ ಬೆಳ್ಳಿಯ ಪರಮಾಣು, ಅಷ್ಟೇ. ಅಷ್ಟು ಚಿಕ್ಕದಾದರೆ ಬೆಳ್ಳಿ ತನ್ನ ಬುದ್ಧಿಯನ್ನೇ ಬದಲಾಯಿಸುತ್ತದೆ, ಕಾಲುಂಗುರದ ಹಾಗೆ ಹೊಳೆಯುವುದಿಲ್ಲ, ನೇರಳೆ ದೀಪದ ಕೆಳಗೆ ಹಿಡಿದರೆ ಕೆಂಪಗೆ ಬೆಳಗುತ್ತದೆ ಅಂತ ಹೇಳಿದರು. ನಾನು ನಂಬಲಿಲ್ಲ. ತೋರಿಸುತ್ತೇನೆ ಬನ್ನಿ ಅಂತ ಲ್ಯಾಬಿನ ಕತ್ತಲೆ ಮೂಲೆಗೆ ಕರೆದುಕೊಂಡು ಹೋದರು. ದೀಪವೇನೋ ಇತ್ತು. ಅದು ಕಾಲೇಜಿನದಲ್ಲ, ಕೊಬ್ಬರಿ ಮಂಡಿಯ ಸಾಹುಕಾರರದು. ಖೋಟಾ ನೋಟು ಪತ್ತೆ ಹಚ್ಚುವ ದೀಪ. ಬೆಳಿಗ್ಗೆ ಇಸಕೊಂಡು ಬಂದು ಸಂಜೆ ಮಂಡಿ ಮುಚ್ಚುವುದರೊಳಗೆ ವಾಪಸ್ಸು ಕೊಡುತ್ತಿದ್ದರು. ಆ ದೀಪದ ಕೆಳಗೆ, ತೊಳೆದ ಅಕ್ಕಿಯ ನೀರಿನಂತಿದ್ದ ಒಂದು ಪುಟ್ಟ ಸೀಸೆ ದಾಸವಾಳದ ಹಾಗೆ ಕೆಂಪಗೆ ಬೆಳಗಿತು. ನಿಜ ಹೇಳುತ್ತೇನೆ, ನನಗೆ ಮಾತು ಬರಲಿಲ್ಲ. ನನ್ನ ಬಾಯಿ ಕಟ್ಟಿಸಿದ ಸಂತೋಷಕ್ಕೆ ಅವರು ಸ್ಟಾಫ್ ರೂಮಿನವರಿಗೆಲ್ಲ ಕಾಫಿ ಕೊಡಿಸಿದರು.

ಈ ಬೆಳ್ಳಿಗೊನೆಯಿಂದ ಏನು ಉಪಯೋಗ? ಅದು ಬ್ಯಾಕ್ಟೀರಿಯಾವನ್ನೂ ಬೂಷ್ಟನ್ನೂ ಕೊಲ್ಲುತ್ತದೆ. ಗಾಜಿನ ತಟ್ಟೆಯಲ್ಲಿ ಬೂಷ್ಟು ಬಿತ್ತಿ, ನಡುವೆ ಬೆಳ್ಳಿಗೊನೆಯಲ್ಲಿ ಅದ್ದಿದ ಕಾಗದದ ಚೂರು ಇಡುವುದು. ತಟ್ಟೆ ತುಂಬ ಹಸಿರು, ಹಳದಿ, ಕಪ್ಪು ಬೂಷ್ಟು ಬೆಳೆದರೂ ಆ ಚೂರಿನ ಸುತ್ತ ಮಾತ್ರ ದುಂಡಗೆ ಖಾಲಿ ಜಾಗ. ಆ ಖಾಲಿಯನ್ನು ಸ್ಕೇಲಿಟ್ಟು ಅಳೆದು ಬರೆದುಕೊಳ್ಳುವರು. "ಅವರಪ್ಪ ತೆಂಗು ಬೆಳೆದರು, ಇವರು ಏನೂ ಬೆಳೆಯದ್ದನ್ನ ಬೆಳೀತಾರೆ" ಅಂತ ನಾನು ಆಡಿಕೊಂಡರೆ ತಲೆ ಅಲ್ಲಾಡಿಸಿ ಒಪ್ಪಿಕೊಳ್ಳುತ್ತಿದ್ದರು. "ಬ್ಯಾಕ್ಟೀರಿಯಾದ ಗೋಡೆ ತೆಳು, ಬೇಗ ಬೀಳತ್ತೆ. ಬೂಷ್ಟು ಹಂಗಲ್ಲ. ಚಿಕ್ಕನಾಯಕನಹಳ್ಳಿ ಕಡೇದು ಅದು, ನಮ್ ದೊಡ್ಡಪ್ಪನ ಥರ, ಸುಲಭಕ್ಕೆ ಬಗ್ಗಲ್ಲ" ಅನ್ನುವರು. ಒಂದು ಸಲ ಲೋಟ ಹಾಲಿಗೆ ಹೆಪ್ಪು ಹಾಕಿ ಒಂದೆರಡು ಹನಿ ಬೆಳ್ಳಿಗೊನೆ ಬಿಟ್ಟು, 'ಕುಡಿಯಬೇಡಿ' ಅಂತ ಚೀಟಿ ಅಂಟಿಸಿ, ನನ್ನ ಊಟದ ಡಬ್ಬಿಯ ಪಕ್ಕವೇ ಇಟ್ಟಿದ್ದರು. ಮಾರನೆಯ ದಿನ ನೋಡಿದರೆ ಹಾಲು ಹಾಲಾಗಿಯೇ ಇತ್ತು. "ನೋಡಿದ್ರಾ, ಒಳ್ಳೇದು ಯಾವ್ದು ಕೆಟ್ಟದ್ದು ಯಾವ್ದು ಅಂತ ಇದಕ್ಕೆ ಗೊತ್ತಾಗಲ್ಲ. ಅದಕ್ಕೇ ಹುಷಾರಾಗಿರಬೇಕು" ಅಂದರು.

ಅವರ ಬಾಯಲ್ಲಿ ಅತಿ ಹೆಚ್ಚು ಬರುತ್ತಿದ್ದ ಮಾತು 'ಗೊತ್ತಿಲ್ಲ'. ಪಾಠ ಮಾಡುವವರ ಬಾಯಲ್ಲಿ ಬರಬಾರದ ಮಾತು ಅಂತ ನಾವೆಲ್ಲ ನಂಬಿಕೊಂಡಿರುವ ಮಾತು. ಹುಡುಗರು ಏನಾದರೂ ಕೇಳಿದರೆ, ಗೊತ್ತಿದ್ದರೆ ಹೇಳುವರು. ಇಲ್ಲದಿದ್ದರೆ ಆನಂದದಿಂದ "ಗೊತ್ತಿಲ್ಲ ಕಣ್ರೋ!" ಅನ್ನುವರು, ಲಾಟರಿ ಹೊಡೆದವರ ಹಾಗೆ. ಪ್ರಿನ್ಸಿಪಾಲರಿಗೆ ಇದು ಕಂಡರೆ ಆಗುತ್ತಿರಲಿಲ್ಲ.

ಕೊಬ್ಬರಿ ಮಂಡಿಯ ಸಾಹುಕಾರರು ದೀಪ ಕೊಟ್ಟದ್ದಕ್ಕೆ ಬಡ್ಡಿಯ ಹಾಗೆ ಒಂದು ಪ್ರಶ್ನೆ ಕೇಳಿದ್ದರು. ಮಳೆಗಾಲದಲ್ಲಿ ಗೋಣಿಚೀಲದಲ್ಲಿಟ್ಟ ಉಂಡೆಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. "ನಿಮ್ ಬೆಳ್ಳಿ ಅದನ್ನ ತಡೀತದಾ ಸಾ? ತಡದ್ರೆ ಕೊಬ್ರಿಗೇ ಬಳ್ದುಬುಡನ."

"ತಿನ್ನೋ ಪದಾರ್ಥಕ್ಕೆ ಬಳಿಯೋ ಮಾತೇ ಬೇಡ. ಚೀಲಕ್ಕೆ ಹಾಕಿ ನೋಡಬಹುದು. ತಡೆಯತ್ತೋ ಇಲ್ವೋ ಗೊತ್ತಿಲ್ಲ. ನೋಡಿ ಹೇಳ್ತೀನಿ" ಅಂದರು ಮೇಷ್ಟ್ರು. ಅದು ಅವರ ನಿವೃತ್ತಿಯ ಹಿಂದಿನ ಮಳೆಗಾಲ. ಬೇಸಿಗೆ ಬಂದರೆ ಲ್ಯಾಬಿನ ಬೀಗದಕೈ ಒಪ್ಪಿಸಬೇಕು. ಗಾಜಿನ ತಟ್ಟೆಯಲ್ಲಿ ಆದದ್ದು ಗೋಣಿಚೀಲದಲ್ಲೂ ಆಗುತ್ತದೋ ಇಲ್ಲವೋ, ಹೌದು ಅಥವಾ ಇಲ್ಲ, ಅದೊಂದನ್ನು ತಿಳಿದುಕೊಂಡೇ ಮನೆಗೆ ಹೋಗಬೇಕು ಅನ್ನುವ ಹಠ ಅವರಿಗೆ ಹಿಡಿಯಿತು. ಆಯಸ್ಸೆಲ್ಲ 'ಗೊತ್ತಿಲ್ಲ' ಅಂದವರಿಗೆ ಒಂದೇ ಒಂದು ಸಲ 'ಗೊತ್ತು' ಅನ್ನುವ ಆಸೆ.

ಇಲ್ಲಿ ಅವರ ಅತ್ತೆಯವರ ವಿಷಯ ಹೇಳಬೇಕು.

ಮೇಷ್ಟ್ರು ಮನೆ ಅಳಿಯ. ಹೆಂಡತಿ ಒಬ್ಬಳೇ ಮಗಳು, ಅರಳಗುಪ್ಪೆ ಕಡೆ ತೋಟದ ಮನೆ, ಅತ್ತೆಯವರದೇ ದರ್ಬಾರು. ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತೋಟದ ಕಡೆಯಿಂದ ಈ ಕಡೆಗೆ ಕೇಳುವ ಗಂಟಲು. ಆದರೆ ಅಳಿಯಂದಿರ ಜೊತೆ ಮಾತ್ರ ನೇರವಾಗಿ ಒಂದು ಮಾತೂ ಆಡರು. ಹಳೆಯ ಕಾಲದ ಮರ್ಯಾದೆ ಅದು. ಅಳಿಯ ನಡುಮನೆಗೆ ಬಂದರೆ ಅತ್ತೆ ಬಾಗಿಲ ಹಿಂದೆ ಸರಿಯಬೇಕು, ಏನಿದ್ದರೂ ಮಗಳ ಮೂಲಕ ಹೇಳಿಸಬೇಕು. ಮಗಳು ಮನೆಯಲ್ಲಿ ಇಲ್ಲದಿದ್ದರೆ? ಕೊಟ್ಟಿಗೆಯ ಕರುವಿನ ಮೂಲಕ. "ಏ ಕರಾ, ನಿಮ್ ಮೇಷ್ಟ್ರಿಗೆ ಹೇಳು, ಕಾಫಿ ಆರ್ತೈತೆ." ಮೇಷ್ಟ್ರೂ ಕರುವಿಗೇ ಉತ್ತರ ಕೊಡುವರು. "ಕುಡೀತೀನಿ ಅಂತ ಹೇಳಪ್ಪ." ಮದುವೆಯಾದಾಗಿನಿಂದ ಹೀಗೆ ಎಷ್ಟು ಕರುಗಳು ಹಸುಗಳಾಗಿ ಹೋದವೋ. ನಾನು ಆ ಮನೆಗೆ ಹೋದಾಗೆಲ್ಲ ಕರುವಿಗೆ ರಜ ಸಿಗುತ್ತಿತ್ತು, ಆ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ಮೇಷ್ಟ್ರು ಎರಡು ಗೋಣಿಚೀಲ ತಂದರು. ಒಂದನ್ನು ಬೆಳ್ಳಿಗೊನೆಯಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದರು. ಇನ್ನೊಂದನ್ನು ಬರಿಯ ನೀರಿನಲ್ಲಿ. ಎರಡಕ್ಕೂ ಒಂದೇ ಅಟ್ಟದ ಉಂಡೆಕೊಬ್ಬರಿ ತುಂಬಿ, ಜ್ಯೇಷ್ಠದ ಮಳೆ ಶುರುವಾಗುವ ಹೊತ್ತಿಗೆ ಅಟ್ಟದ ಮೇಲೆ ಎರಡು ಮೂಲೆಗೆ ತೂಗುಹಾಕಿದರು. ಬರಿಯ ಚೀಲಕ್ಕೆ ಬೂಷ್ಟು ಬಂದು, ಬೆಳ್ಳಿಯ ಚೀಲಕ್ಕೆ ಬರದಿದ್ದರೆ ಗೆದ್ದ ಹಾಗೆ. ಎರಡಕ್ಕೂ ಬಂದರೆ ಬೆಳ್ಳಿ ಸೋತ ಹಾಗೆ. ಬರಿಯ ಚೀಲ ಕೆಡಲೇಬೇಕು, ಅದು ಕೆಡದಿದ್ದರೆ ಏನೂ ಗೊತ್ತಾಗುವುದಿಲ್ಲ. ಇದನ್ನೆಲ್ಲ ಹೆಂಡತಿಗೆ ವಿವರಿಸಿ, "ಕಾರ್ತಿಕದವರೆಗೆ ಆ ಕಡೆ ಯಾರೂ ಹೋಗಬಾರದು, ನಿಮ್ಮಮ್ಮನಿಗೆ ಹೇಳು" ಅಂದರು. ಹೆಂಡತಿ ಹೇಳಿದರು. ಅತ್ತೆಯವರು ಕೇಳಿಸಿಕೊಂಡರು. ಚಿನ್ನದಂಥ ಕೊಬ್ಬರಿಯನ್ನು ಬೇಕುಬೇಕೆಂದೇ ಕೆಡಿಸುವ ವಿದ್ಯೆ ಯಾವುದು ಅಂತ ಅವರಿಗೆ ಎಷ್ಟು ಸಂಕಟ ಆಯಿತೋ, ಮಾತನ್ನಂತೂ ಆಡಲಿಲ್ಲ.

ಕಾರ್ತಿಕ ಬಂತು. ಚೀಲ ಬಿಚ್ಚುವ ದಿನ ಸಾಹುಕಾರರು ಬಂದರು, ನಾನು ಬಂದೆ. ಮೇಷ್ಟ್ರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡಿದ್ದರು. ಮೊದಲು ಬೆಳ್ಳಿಯ ಚೀಲ. ಉಂಡೆಗಳು ಇಟ್ಟ ಹಾಗೇ ಇದ್ದವು, ಒಂದು ಚುಕ್ಕೆ ಬೂಷ್ಟಿಲ್ಲ. "ಭೇಷ್!" ಅಂದರು ಸಾಹುಕಾರರು. ಮೇಷ್ಟ್ರು ನಗಲಿಲ್ಲ, ಇನ್ನೊಂದನ್ನು ಬಿಚ್ಚಿದರು. ಅದರಲ್ಲೂ ಒಂದು ಚುಕ್ಕೆ ಇಲ್ಲ. ಒಂದೊಂದೇ ಉಂಡೆ ತಿರುಗಿಸಿ ನೋಡಿದರು. ಆಮೇಲೆ ಒಂದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ನನ್ನ ಕೈಗೂ ಕೊಟ್ಟರು. ಹೊಗೆಯ ವಾಸನೆ. ತೆಂಗಿನಮಟ್ಟೆ ಸುಟ್ಟ, ತಣ್ಣಗಿನ, ಹಳೆಯ ಹೊಗೆ.

ಬಾಗಿಲ ಹಿಂದೆ ಬಳೆ ಸದ್ದಾಯಿತು. "ಹೇಳವ್ವ ಅವ್ರಿಗೆ" ಅಂದರು ಅತ್ತೆಯವರು, ನನ್ನನ್ನು ನೋಡಿಕೊಂಡು. "ಚೀಲ ಮುಟ್ಟಿಲ್ಲ ನಾನು. ಮಳೆ ಹಿಡ್ದಾಗೆಲ್ಲ ಆ ಮೂಲೆ ಕೆಳ್ಗೆ ಚೂರು ಮಟ್ಟೆ ಹೊಗೆ ಹಾಕ್ದೆ, ಅಷ್ಟೇಯ. ಆ ಚೀಲಕ್ಕೆ ಔಸ್ದಿ ಹಾಕವ್ರೆ. ಈ ಚೀಲಕ್ಕೆ ಯಾರವ್ರೆ?"

ನಾನು ಮೇಷ್ಟ್ರ ಕಡೆ ತಿರುಗಿ, ಅವರು ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳಿದೆ. ನಗು ತಡೆಯುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಮೇಷ್ಟ್ರು ಕೊಬ್ಬರಿ ಹಿಡಿದುಕೊಂಡು ಅಟ್ಟದ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಅದಕ್ಯಾಕ್ ಸಾ ತಲೆ ಕೆಡಿಸ್ಕತೀರಿ?" ಅಂದರು ಸಾಹುಕಾರರು. "ಬರೀ ಗೋಣಿಗೆ ಬೂಷ್ಟು ಬರೋದು ಈ ಸೀಮೆಲಿ ಯಾರಿಗ್ ಗೊತ್ತಿಲ್ಲ? ಬಂದಿತ್ತು ಅಂತ ಬರ್ಕಳಿ. ಬೆಳ್ಳಿ ಚೀಲ ಚೆನ್ನಾಗೈತಲ್ಲ, ಅದು ಸುಳ್ಳಾ?"

"ಅದೂ ಹೊಗೆಯಿಂದಲೇ ಚೆನ್ನಾಗಿದ್ರೆ? ಒಂದೇ ಅಟ್ಟ ಅಲ್ವೇನ್ರಿ" ಅಂದರು ಮೇಷ್ಟ್ರು. "ನನಗೆ ಗೊತ್ತಿಲ್ಲ. ಕಾಲೇಜಲ್ಲಿ ಕೇಳಿದ್ರೂ ಅದನ್ನೇ ಹೇಳೋದು, ಗೊತ್ತಾಗಲಿಲ್ಲ ಅಂತ."

ಹಾಗೇ ಹೇಳಿದರು. ಬೀಳ್ಕೊಡುಗೆಯ ದಿನ, ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತು, ಪ್ರಿನ್ಸಿಪಾಲರು ಅವರ ಸಂಶೋಧನೆಯನ್ನು ಹೊಗಳಿ ಕೂತ ಮೇಲೆ. "ಬೆಳ್ಳಿಗೊನೆ ಗೋಣಿಚೀಲ ಕಾಯುತ್ತದೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನಮ್ಮ ಅತ್ತೆಯವರು ಕಾಯುತ್ತಾರೆ, ಅದು ಗೊತ್ತಾಯಿತು." ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆಯವರು ಮಾತ್ರ ನಗಲಿಲ್ಲ. ಸೆರಗು ಬಾಯಿಗೆ ಇಟ್ಟುಕೊಂಡು ಕೂತಿದ್ದರು. ಅವರಿಗೆ ತಮ್ಮಿಂದ ಏನು ಹಾಳಾಯಿತು ಅಂತ ಸರಿಯಾಗಿ ಅರ್ಥವಾದದ್ದು ಆವತ್ತೇ ಅಂತ ನನಗೆ ಅನ್ನಿಸಿತು.

ಬೀಗದಕೈ ಒಪ್ಪಿಸುವ ಮುಂಚಿನ ವಾರ ಮೇಷ್ಟ್ರು ಲ್ಯಾಬಿನಲ್ಲಿ ಕೊನೆಯ ಸಲ ಬೆಳ್ಳಿಗೊನೆ ಮಾಡಿ, ಬೆಳಕು ತಾಗದ ಹಾಗೆ ಕಾಡಿಗೆ ಬಳಿದ ಬಾಟಲಿಯಲ್ಲಿ ತುಂಬಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಒಯ್ದರು. ಮತ್ತೆ ಜ್ಯೇಷ್ಠ, ಮತ್ತೆ ಎರಡು ಚೀಲ. ಈ ಸಲ ಅತ್ತೆಯವರಿಗೆ ಏನೂ ಹೇಳಿಸಲಿಲ್ಲವಂತೆ. "ಬೇಜಾರ್ ಮಾಡ್ಕೊಂಡಿದಾರೆ ಕಣ್ರೀ, ಇನ್ನೇನ್ ಹೇಳ್ಲಿ. ಹೊಗೆ ಹಾಕಿದ್ರೆ ಹಾಕ್ಕೊಳ್ಳಲಿ. ಮುಂದಿನ ವರ್ಷ ಸಾಹುಕಾರರ ಗೋಡೌನಲ್ಲಿ ಇಟ್ರೆ ಆಯ್ತು" ಅಂತ ಫೋನಿನಲ್ಲಿ ಹೇಳಿದರು. ಮುಂದಿನ ವರ್ಷಕ್ಕೆ ಅವರು ಯೋಚನೆ ಮಾಡುತ್ತಿದ್ದರು.

ಗೌರಿಹಬ್ಬಕ್ಕೆ ಇನ್ನೂ ನಾಲ್ಕು ದಿನ ಇರುವಾಗ, ತೋಟದಲ್ಲಿ ನೀರು ತಿರುಗಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ತಲುಪಲಿಲ್ಲ. ನಾನು ಹೋಗುವ ಹೊತ್ತಿಗೆ ವಿಭೂತಿ ಹಚ್ಚಿ, ಹಾರ ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಮುಖ ನೋಡಲಿಲ್ಲ, ಕೈ ನೋಡಿದೆ. ಬೆರಳುಗಳು ಬೆಳ್ಳಗಿದ್ದವು. ಲ್ಯಾಬು ಬಿಟ್ಟ ಮೇಲೆ ಕಪ್ಪೆಲ್ಲ ಹೋಗಿ ಯಾರೋ ಬೇರೆಯವರ ಕೈಯ ಹಾಗೆ ಚೊಕ್ಕಟವಾಗಿತ್ತು. ನನಗೆ ಅಳು ಬಂದದ್ದು ಅದನ್ನು ನೋಡಿ. ಅವರದೇ ತೋಟದಲ್ಲಿ, ಮನೆಯ ಹಿಂದಿನ ಮರಗಳ ನಡುವೆ ಮಣ್ಣು ಮಾಡಿದರು.

ಕಾರ್ತಿಕದಲ್ಲಿ ಒಂದು ದಿನ ಅವರ ಹೆಂಡತಿ ಫೋನ್ ಮಾಡಿದರು. "ಬಂದು ಹೋಗಿ. ಅವ್ವ ನಿಮ್ಮನ್ನ ಕರೀತಾ ಅವ್ರೆ. ಚೀಲ ಬಿಚ್ಚಬೇಕಂತೆ."

ಅತ್ತೆಯವರು ಮೊದಲಿಗಿಂತ ಕುಗ್ಗಿದ್ದರು. ಗಂಟಲೂ ಕುಗ್ಗಿತ್ತು. ಕಾಫಿಯನ್ನೂ ಕೊಡದೆ ನನ್ನನ್ನು ನೇರ ಅಟ್ಟದ ಮೇಲೆ ಕರೆದುಕೊಂಡು ಹೋದರು, ಒಂದೊಂದು ಮೆಟ್ಟಿಲಿಗೂ ಮಂಡಿ ಹಿಡಿದುಕೊಳ್ಳುತ್ತ. ಹತ್ತುವಾಗಲೇ ಮುಗ್ಗಲು ವಾಸನೆ ಬಡಿಯಿತು. ಬರಿಯ ಚೀಲ ಮೊದಲು ಬಿಚ್ಚಿದೆವು. ಬಿಚ್ಚುವುದೇನು, ಹೊರಗಿನಿಂದಲೇ ಕಾಣುತ್ತಿತ್ತು. ಹಸಿರು, ಹಳದಿ, ಕಪ್ಪು, ಮೇಷ್ಟ್ರ ಗಾಜಿನ ತಟ್ಟೆಯಲ್ಲಿ ಇದ್ದದ್ದೆಲ್ಲ ಅಲ್ಲಿತ್ತು. ಒಂದು ಉಂಡೆ ಕೈಗೆತ್ತಿಕೊಂಡರೆ ಬೆರಳು ಒಳಗೆ ಹೋಯಿತು.

ನನಗೆ ಆ ಅಜ್ಜಿಯ ಮುಖ ನೋಡುವುದಕ್ಕೆ ಆಗಲಿಲ್ಲ. ಒಡೆದ ಕಾಯಿಯ ಚೂರು ಬಿದ್ದರೂ ತೊಳೆದು ಬಿಸಿಲಿಗೆ ಹಾಕುವ ಹೆಂಗಸು ಅದು. ಮಳೆ ಹಿಡಿದ ದಿನಗಳಲ್ಲೆಲ್ಲ, ಅಳಿಯ ಹೋದ ಮೇಲೂ, ಈ ವಾಸನೆಯ ಕೆಳಗೇ ಅಡಿಗೆ ಮಾಡಿಕೊಂಡು, ಕೈಕಟ್ಟಿ ಕೂತಿದ್ದಾರೆ. ಯಾರೂ ಹೇಳಿರಲಿಲ್ಲ ಅವರಿಗೆ.

"ನೋಡವ್ವ" ಅಂದರು. ಗಂಟಲಲ್ಲಿ ಹೆಮ್ಮೆಯೂ ಇತ್ತು. "ಎಷ್ಟ್ ಚೆನ್ನಾಗಿ ಕೆಟ್ಟೈತೆ."

ಬೆಳ್ಳಿಯ ಚೀಲ ಬಿಚ್ಚಿದೆವು. ಉಂಡೆಗಳು ಗಟ್ಟಿಯಾಗಿ, ಒಣಗಿ, ಒಂದಕ್ಕೊಂದು ತಗುಲಿ ಟಣ್ ಅಂದವು. ಬಾಯಿ ಹೊಲಿದ ದಾರದ ಹತ್ತಿರ ಮಾತ್ರ ಎರಡು ಉಂಡೆಗೆ ಚೂರು ಬೂಷ್ಟು ಹಿಡಿದಿತ್ತು. ದಾರವನ್ನು ಅದ್ದಲು ಮರೆತಿದ್ದರೋ ಏನೋ. ಅವರಿದ್ದಿದ್ದರೆ ಅದನ್ನೇ ಮೊದಲು ತೋರಿಸುತ್ತಿದ್ದರು. ಒಂದೇ ಚೀಲ ಕಣ್ರೀ, ಇನ್ನೊಂದು ಮಳೆಗಾಲ ನೋಡದೆ ಏನೂ ಹೇಳೋಕಾಗಲ್ಲ ಅನ್ನುತ್ತಿದ್ದರು. ಅಂದ ಮೇಲೆ ಯಾರಿಗೂ ಕಾಣದ ಹಾಗೆ ಒಂದು ಸಲ ಮೀಸೆಯಲ್ಲಿ ನಗುತ್ತಿದ್ದರು.

ಅಟ್ಟದಲ್ಲಿ ಒಂದು ಪುಟ್ಟ ಕಿಂಡಿ ಇದೆ. ಅದರಿಂದ ನೋಡಿದರೆ ತೋಟದ ಆ ಜಾಗ ಕಾಣುತ್ತದೆ, ಮಣ್ಣು ಇನ್ನೂ ಹಸಿ ಇತ್ತು. ಅತ್ತೆಯವರು ಸೆರಗು ತಲೆಗೆ ಎಳೆದುಕೊಂಡು, ಕಿಂಡಿಗೆ ಬೆನ್ನು ಮಾಡಿ, ಕಂಬದ ಹಿಂದೆ ಸರಿದು ನಿಂತರು. ಅಳಿಯ ನಡುಮನೆಗೆ ಬಂದಾಗ ನಿಲ್ಲುತ್ತಿದ್ದ ಹಾಗೆಯೇ.

"ಹೇಳವ್ವ ಅವ್ರಿಗೆ" ಅಂದರು. "ಈ ಸಲ ನಾನು ಹೊಗೆ ಹಾಕಿಲ್ಲ ಅಂತ."

ನಾನು ಕಿಂಡಿಯ ಹತ್ತಿರ ಹೋಗಿ ಹೇಳಿದೆ.